ಎಷ್ಟು ಮಾಡಿಸಬೇಕು, ಎಷ್ಟು ತರಿಸಬೇಕು, ಮೆಷಿನ್ ಬೇಕಾ? ಬೇಕರಿ ಲೆಕ್ಕದಲ್ಲಿ ವ್ಯಾಪಾರದ ನಿರ್ಧಾರ: ಸಮಗ್ರ ಮಾರ್ಗದರ್ಶಿ

ಬೇಕರಿ ಇಟ್ಟವರಿಗೆ ಬೆಳಗಾದರೆ ಮೊದಲ ಪ್ರಶ್ನೆ: ಇವತ್ತು ಪಫ್ಸ್ ಎಷ್ಟು ಹಾಕಿಸೋದು? ನಿನ್ನೆ ಉಳಿದಿದ್ದರೆ ಇವತ್ತು ಕಡಿಮೆ. ನಿನ್ನೆ ಸಾಲದೇ ಹೋಗಿದ್ದರೆ ಇವತ್ತು ಜಾಸ್ತಿ. ವರ್ಷಗಟ್ಟಲೆ ಹೀಗೇ ನಡೆಯುತ್ತೆ, ಅಂಗಡಿಯೂ ನಡೆಯುತ್ತೆ. ಆದರೆ ತಿಂಗಳ ಕೊನೆಗೆ "ಇಷ್ಟು ವ್ಯಾಪಾರ ಆಯ್ತು, ದುಡ್ಡು ಎಲ್ಲಿ ಹೋಯ್ತು" ಅಂತ ತಲೆ ಕೆರೆದುಕೊಳ್ಳುವುದೂ ತಪ್ಪುವುದಿಲ್ಲ.

ಎಂಬಿಎ ಪಠ್ಯದಲ್ಲಿ ದೊಡ್ಡ ದೊಡ್ಡ ಹೆಸರಿನಲ್ಲಿ ಬರುವ ಲೆಕ್ಕದ ವಿಧಾನಗಳಲ್ಲಿ ಐದಾರು ಮಾತ್ರ ಸಣ್ಣ ವ್ಯಾಪಾರಕ್ಕೆ ನಿಜವಾಗಿ ಬೇಕು. ಅವನ್ನು ಒಂದು ಬೇಕರಿಯ ಮೇಲೆ ಹಾಕಿ ತೋರಿಸುತ್ತೇನೆ. ರೇಟುಗಳೆಲ್ಲ ಲೆಕ್ಕಕ್ಕೆ ಅಂತ ನಾನು ಇಟ್ಟುಕೊಂಡಿದ್ದು, ನಿಮ್ಮ ಅಂಗಡಿಯ ರೇಟು ನೀವು ಹಾಕಿಕೊಳ್ಳಿ. ಕೈಯಲ್ಲಿ ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಎಕ್ಸೆಲ್ ಬಂದರೆ ಇನ್ನೂ ಒಳ್ಳೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಳೆ ಎಷ್ಟು ಜನ ಬರುತ್ತಾರೆ ಅಂತ ಯಾವ ಸೂತ್ರಕ್ಕೂ ಗೊತ್ತಿಲ್ಲ. ನಿಮ್ಮ ಅಂದಾಜು ತಪ್ಪೇ ತಪ್ಪುತ್ತೆ. ಜಾಸ್ತಿ ಮಾಡಿ ತಪ್ಪಿದರೆ ಎಷ್ಟು ನಷ್ಟ, ಕಡಿಮೆ ಮಾಡಿ ತಪ್ಪಿದರೆ ಎಷ್ಟು ನಷ್ಟ, ಇವೆರಡರಲ್ಲಿ ಯಾವುದು ಅಗ್ಗ ಅನ್ನೋದನ್ನು ಮಾತ್ರ ಲೆಕ್ಕ ಹಾಕಬಹುದು. ಮುಂದೆ ಬರುವ ಬಹುಪಾಲು ಲೆಕ್ಕಗಳ ಒಳಗೆ ಇರೋದು ಇದೇ.

ಹೆಜ್ಜೆ 1: ಪ್ರಶ್ನೆಯನ್ನು ಸರಿಯಾಗಿ ಬರೆದುಕೊಳ್ಳಿ

"ಲಾಭ ಜಾಸ್ತಿ ಮಾಡೋದು ಹೇಗೆ" ಅನ್ನೋದಕ್ಕೆ ಲೆಕ್ಕ ಹಾಕಲು ಆಗಲ್ಲ. "ಮಂಗಳವಾರ ಪಫ್ಸ್ 75 ಮಾಡಿಸಲಾ, 90 ಮಾಡಿಸಲಾ" ಅನ್ನೋದಕ್ಕೆ ಆಗುತ್ತೆ. ಪ್ರಶ್ನೆಯಲ್ಲಿ ಮೂರು ವಿಷಯ ಇರಲಿ: ನೀವು ಬದಲಿಸಬಹುದಾದದ್ದು ಏನು, ಎಷ್ಟು ದಿನಕ್ಕೆ, ಉತ್ತರ ಬೇರೆ ಬಂದರೆ ನಿಜವಾಗಿಯೂ ಬದಲಿಸುತ್ತೀರಾ. ಮೂರನೆಯದಕ್ಕೆ ಇಲ್ಲ ಅನ್ನೋ ಉತ್ತರ ಬಂದರೆ ಲೆಕ್ಕ ಹಾಕಬೇಡಿ, ಸುಮ್ನೆ ಟೈಮ್ ವೇಸ್ಟ್. ಮೆಷಿನ್ ತಗೊಳ್ಳೋದು ಅಂತ ಮನಸ್ಸಲ್ಲಿ ಆಗಲೇ ತೀರ್ಮಾನ ಮಾಡಿ, ಆಮೇಲೆ ಅದಕ್ಕೆ ಒಪ್ಪುವ ಹಾಗೆ ಲೆಕ್ಕ ಬರೆಸುವವರು ಬಹಳ ಜನ ಇದ್ದಾರೆ.

ಹೆಜ್ಜೆ 2: ಅಂಕಿ ಬರೆದಿಡಿ, ಆದರೆ ಸರಿಯಾದದ್ದನ್ನು

ಗಲ್ಲಾದಲ್ಲಿ ಸಂಜೆ ಎಣಿಸಿದ ದುಡ್ಡು ಒಂದೇ ಸಾಲದು. ದಿನ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಮಾಡಿದ್ದು, ಎಷ್ಟು ಮಾರಿದ್ದು, ಎಷ್ಟು ಉಳಿದದ್ದು, ಖಾಲಿ ಆಗಿದ್ದರೆ ಎಷ್ಟು ಗಂಟೆಗೆ ಖಾಲಿ ಆಯ್ತು. ನಾಲ್ಕನೆಯದನ್ನು ಯಾರೂ ಬರೆಯಲ್ಲ, ಎಲ್ಲಕ್ಕಿಂತ ಬೇಕಾಗಿರೋದು ಅದೇ.

ಯಾಕೆ ಅಂದರೆ, 60 ಪಫ್ಸ್ ಮಾಡಿ 60ನ್ನೂ ಮಾರಿದ ದಿನ ನಿಮ್ಮ ಪುಸ್ತಕದಲ್ಲಿ ಬೇಡಿಕೆ 60 ಅಂತ ಇರುತ್ತೆ. ಆದರೆ ಸಂಜೆ ಐದಕ್ಕೇ ಖಾಲಿ ಆಗಿದ್ದರೆ, ಆಮೇಲೆ ಬಂದು "ಪಫ್ಸ್ ಇಲ್ವಾ?" ಅಂತ ಕೇಳಿ ಹೋದವರು ಯಾವ ಪುಸ್ತಕದಲ್ಲೂ ಇಲ್ಲ. ಮಾರಿದ್ದೇ ಬೇರೆ, ಬೇಡಿಕೆಯೇ ಬೇರೆ. ಇದನ್ನು ಸರಿ ಮಾಡೋದಕ್ಕೆ ಮಾಲು ಉಳಿದ ದಿನಗಳನ್ನು ನೋಡಿ. ಆ ದಿನಗಳಲ್ಲಿ ಒಟ್ಟು ಮಾರಾಟದ ಎಷ್ಟು ಪಾಲು ಐದು ಗಂಟೆಯೊಳಗೆ ಆಗುತ್ತೆ? ಶೇ. 75 ಅಂದುಕೊಳ್ಳಿ. ಹಾಗಾದರೆ ಖಾಲಿಯಾದ ದಿನದ ನಿಜವಾದ ಬೇಡಿಕೆ 60 ÷ 0.75 = 80. ಸುಮಾರು ಲೆಕ್ಕವೇ, ಆದರೆ 60 ಅಂತ ಬರೆದುಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಗಂಟೆ ಗಂಟೆಯ ವ್ಯಾಪಾರ ತಿಳಿಯೋಕೆ ಈಗ ಕಷ್ಟ ಇಲ್ಲ. ಯುಪಿಐ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಪಾವತಿಗೂ ಸಮಯ ಇರುತ್ತೆ. ಯಾವ ಐಟಂ ಅಂತ ಅದು ಹೇಳಲ್ಲ, ಆದರೆ ಜನ ಯಾವಾಗ ಬರುತ್ತಾರೆ ಅಂತ ಸ್ಪಷ್ಟವಾಗಿ ಹೇಳುತ್ತೆ.

ಇನ್ನೊಂದು ಎಚ್ಚರಿಕೆ: ಮಂಗಳವಾರವನ್ನು ಮಂಗಳವಾರದ ಜೊತೆಗೇ ಹೋಲಿಸಿ, ಭಾನುವಾರದ ಜೊತೆ ಬೇಡ. ಡಿಸೆಂಬರ್ 31ರ ಕೇಕ್ ವ್ಯಾಪಾರ, ಹಬ್ಬದ ಹಿಂದಿನ ದಿನ, ಬಂದ್ ಆದ ದಿನ, ಇವನ್ನೆಲ್ಲ ಬೇರೆ ಪುಟದಲ್ಲಿ ಇಡಿ. ಶ್ರಾವಣದಲ್ಲಿ ಮೊಟ್ಟೆ ಬಿಡುವವರು ಜಾಸ್ತಿ ಇರುವ ಏರಿಯಾ ಆದರೆ ಎಗ್ ಪಫ್ಸ್‌ಗೆ ಆ ತಿಂಗಳೇ ಬೇರೆ ಲೆಕ್ಕ. ಕಾಲೇಜು ಪಕ್ಕದ ಅಂಗಡಿ ಆದರೆ ರಜೆಯ ವಾರಗಳೂ ಹಾಗೇ.

ಹೆಜ್ಜೆ 3: ದಿನಕ್ಕೆ ಎಷ್ಟು ಮಾರಿದರೆ ಅಸಲು ಹುಟ್ಟುತ್ತೆ?

ಖರ್ಚನ್ನು ಎರಡು ಗುಂಪು ಮಾಡಿ. ಅಂಗಡಿ ಬಾಗಿಲು ತೆಗೆಯದೇ ಇದ್ದರೂ ಕಟ್ಟಬೇಕಾದದ್ದು ಸ್ಥಿರ ಖರ್ಚು. ಮಾಡಿದಷ್ಟೂ ಏರುವ ಮೈದಾ, ಬೆಣ್ಣೆ, ಸಕ್ಕರೆ, ಗ್ಯಾಸ್, ಪ್ಯಾಕಿಂಗ್ ಇತ್ಯಾದಿ ಇನ್ನೊಂದು ಗುಂಪು.

ಬಾಡಿಗೆ 35,000, ಸಂಬಳ 90,000, ಕರೆಂಟ್ 12,000, ಚಿಲ್ಲರೆ ಖರ್ಚು 8,000 ಅಂದರೆ ತಿಂಗಳಿಗೆ ಸ್ಥಿರ ಖರ್ಚು 1,45,000. ನೂರು ರೂಪಾಯಿ ವ್ಯಾಪಾರದಲ್ಲಿ ಮಾಲಿನ ಖರ್ಚು 60 ಹೋಗಿ 40 ಉಳಿದರೆ, 1,45,000 ÷ 0.40 = 3,62,500. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 12,083 ರೂಪಾಯಿ ವ್ಯಾಪಾರ ಆಗಲೇಬೇಕು. ಅದರ ಮೇಲೆ ಬಂದ ಪ್ರತಿ ನೂರರಲ್ಲಿ ನಲವತ್ತು ನಿಮ್ಮದು.

ಇಲ್ಲಿ ಎಲ್ಲರೂ ಬಿಡುವ ಎರಡು ಖರ್ಚು ಇವೆ. ನಿಮ್ಮ ಸ್ವಂತ ಸಂಬಳ, ಸ್ವಂತ ಕಟ್ಟಡದ ಬಾಡಿಗೆ. "ನಂದೇ ಜಾಗ, ಬಾಡಿಗೆ ಇಲ್ಲ" ಅನ್ನೋದು ಖುಷಿಯ ಮಾತು, ಆದರೆ ಆ ಜಾಗ ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ದುಡ್ಡು ಬಿಟ್ಟಿದ್ದೀರಲ್ಲ. ಅದನ್ನೂ ಬರೆಯಿರಿ. ಮನೆಯವರೆಲ್ಲ ಸೇರಿ ದುಡಿಯುವ ಅಂಗಡಿಯಲ್ಲಿ ಈ ಎರಡನ್ನೂ ಸೇರಿಸಿದ ಮೇಲೆ ಲಾಭ ಅಂದುಕೊಂಡಿದ್ದು ಬರೀ ಕೂಲಿ ಅಂತ ಗೊತ್ತಾಗುವುದುಂಟು.

ಇದೇ ಲೆಕ್ಕದಿಂದ ಡಿಸ್ಕೌಂಟಿನ ಬಣ್ಣವೂ ಬಯಲಾಗುತ್ತೆ. ಶೇ. 10 ರಿಯಾಯಿತಿ ಕೊಟ್ಟರೆ 100ರ ಮಾಲು 90ಕ್ಕೆ ಹೋಗುತ್ತೆ, ಖರ್ಚು ಅದೇ 60. ಉಳಿಯೋದು 40ರ ಬದಲು 30. ಮೊದಲಿನಷ್ಟೇ ದುಡ್ಡು ಬರಬೇಕು ಅಂದರೆ ಮೂರರಲ್ಲಿ ಒಂದು ಪಾಲು, ಅಂದರೆ ಶೇ. 33 ಜಾಸ್ತಿ ಮಾಲು ಮಾರಬೇಕು. ಹತ್ತು ಪರ್ಸೆಂಟ್ ಬಿಟ್ಟರೆ ಹತ್ತು ಪರ್ಸೆಂಟ್ ಜಾಸ್ತಿ ಮಾರಿದರೆ ಸಾಕು ಅನ್ನೋದು ತಪ್ಪು ಲೆಕ್ಕ. ಡೆಲಿವರಿ ಆ್ಯಪ್ ಶೇ. 25 ಕಮಿಷನ್ ಹಿಡಿದರೆ 40ರಲ್ಲಿ ಉಳಿಯೋದು 15 ಮಾತ್ರ. ಅಂಗಡಿಗೆ ಬರುತ್ತಿದ್ದ ಗಿರಾಕಿಯೇ ಆ್ಯಪ್‌ಗೆ ಹೋದರೆ ನಷ್ಟ, ಹೊಸ ಗಿರಾಕಿ ಬಂದರೆ ಆ 15 ಕೂಡ ಲಾಭವೇ. ಇವೆರಡರಲ್ಲಿ ನಿಮ್ಮಲ್ಲಿ ಯಾವುದು ಆಗ್ತಿದೆ ಅಂತ ನೋಡದೆ ಆ್ಯಪ್ ಒಳ್ಳೆಯದಾ ಕೆಟ್ಟದ್ದಾ ಅಂತ ವಾದ ಮಾಡಿ ಪ್ರಯೋಜನ ಇಲ್ಲ.

ಹೆಜ್ಜೆ 4: ಎಷ್ಟು ಮಾಡಿಸಬೇಕು?

ಇದು ಈ ಬರಹದ ಜೀವಾಳ, ಸ್ವಲ್ಪ ನಿಧಾನವಾಗಿ ಓದಿ. ಪುಸ್ತಕಗಳಲ್ಲಿ ಇದಕ್ಕೆ ಪೇಪರ್ ಮಾರುವವನ ಲೆಕ್ಕ ಅನ್ನುತ್ತಾರೆ, ಯಾಕೆಂದರೆ ಇವತ್ತಿನ ಪೇಪರ್ ನಾಳೆಗೆ ರದ್ದಿ. ಈ ಯೋಚನೆ ಹಳೆಯದು. 1888ರಲ್ಲೇ ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಬ್ಯಾಂಕು ಎಷ್ಟು ನಗದು ಇಟ್ಟುಕೊಂಡಿರಬೇಕು ಅನ್ನೋದಕ್ಕೆ ಇದೇ ದಾರಿ ಹಿಡಿದಿದ್ದರು.

ಹತ್ತು ಮಂಗಳವಾರದ ಪಫ್ಸ್ ಬೇಡಿಕೆಯನ್ನು, ಖಾಲಿಯಾದ ದಿನಗಳನ್ನು ಸರಿ ಮಾಡಿಕೊಂಡು, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ:

62, 70, 74, 75, 78, 80, 83, 88, 95, 115

ಸರಾಸರಿ 82. ಹಾಗಾದರೆ 82 ಮಾಡಿಸೋದು, ಅಲ್ವಾ? ಸ್ವಲ್ಪ ತಡೀರಿ.

ಪಫ್ಸ್ ಬೆಲೆ 25, ಖರ್ಚು 9. ಒಂದು ಉಳಿದರೆ ನಷ್ಟ 9. ಒಂದು ಕಡಿಮೆ ಬಿದ್ದರೆ ಕೈತಪ್ಪುವ ಮಾರ್ಜಿನ್ 16. ಜೊತೆಗೆ ಪಫ್ಸ್ ಇಲ್ಲ ಅಂದ ಗಿರಾಕಿ ಟೀ ಕೂಡ ಕುಡಿಯದೆ ಹೋಗುತ್ತಾರೆ ಅಂದುಕೊಂಡರೆ ಟೀಯ ಮಾರ್ಜಿನ್ 6 ರೂಪಾಯಿಯೂ ಸೇರಿ 22. ಈಗ ಸೂತ್ರ: ಕಡಿಮೆ ಬಿದ್ದ ನಷ್ಟವನ್ನು ಎರಡೂ ನಷ್ಟದ ಮೊತ್ತದಿಂದ ಭಾಗಿಸಿ. 22 ÷ (22 + 9) = 0.71. ಅಂದರೆ ನೂರಕ್ಕೆ ಸುಮಾರು 71 ದಿನ ಮಾಲು ಸಾಲುವಷ್ಟು ಮಾಡಿಸಬೇಕು. ಹತ್ತು ಅಂಕಿಗಳ ಸಾಲಿನಲ್ಲಿ ಏಳನೆಯದು ಅಂದರೆ ಹತ್ತರಲ್ಲಿ ಏಳು, 0.70; 0.71ನ್ನು ಮೊದಲು ದಾಟುವುದು ಎಂಟನೆಯದು. ಉತ್ತರ 88.

ಈಗ ಕ್ರೀಂ ಪೇಸ್ಟ್ರಿಗೆ ಬನ್ನಿ. ಅದಕ್ಕೂ ಇದೇ ಹತ್ತು ಅಂಕಿಯ ಬೇಡಿಕೆ ಅಂತ ಇಟ್ಟುಕೊಳ್ಳೋಣ. ಬೆಲೆ 50, ಖರ್ಚು 32, ಉಳಿದರೆ ಬಿಸಾಕೋದೇ. ಕಡಿಮೆ ಬಿದ್ದರೆ ನಷ್ಟ 18, ಉಳಿದರೆ ನಷ್ಟ 32. 18 ÷ 50 = 0.36. ನಾಲ್ಕನೆಯ ಅಂಕಿ, 75. ಬೇಡಿಕೆ ಒಂದೇ, ಸರಾಸರಿ ಒಂದೇ, ಆದರೆ ಒಂದನ್ನು 88 ಮಾಡಿಸಬೇಕು, ಇನ್ನೊಂದನ್ನು 75.

ಎಷ್ಟು ದುಡ್ಡಿನ ವ್ಯತ್ಯಾಸ ಅಂತ ಕೇಳ್ತೀರಾ? ಆ ಹತ್ತು ದಿನಕ್ಕೂ ಪೇಸ್ಟ್ರಿ 88 ಮಾಡಿಸಿದ್ದರೆ ಉಳಿದದ್ದು 94, ಕಡಿಮೆ ಬಿದ್ದದ್ದು 34. ಒಟ್ಟು ನಷ್ಟ 3,620. 75 ಮಾಡಿಸಿದ್ದರೆ ಉಳಿದದ್ದು 19, ಕಡಿಮೆ ಬಿದ್ದದ್ದು 89, ಒಟ್ಟು ನಷ್ಟ 2,210. ಗಾಜಿನ ಶೋಕೇಸ್ ತುಂಬಿರಬೇಕು ಅನ್ನೋ ಆಸೆಗೆ ಹತ್ತು ದಿನದಲ್ಲಿ ಕೊಟ್ಟ ಬೆಲೆ 1,410 ರೂಪಾಯಿ, ಅದೂ ಒಂದೇ ಐಟಂಗೆ.

ಪಫ್ಸ್ ವಿಷಯದಲ್ಲಿ ಮಾತ್ರ ತಮಾಷೆ ಇದೆ. 88 ಮಾಡಿದರೆ ಹತ್ತು ದಿನದ ನಷ್ಟ 1,594, ಸರಾಸರಿ ಹಿಡಿದು 82 ಮಾಡಿದರೆ 1,643. ಬರೀ 49 ರೂಪಾಯಿ ಫರಕು! ಸರಿಯಾದ ಅಂಕಿಯ ಆಸುಪಾಸಿನಲ್ಲಿ ಇದ್ದರೆ ಆಚೀಚೆ ಆದರೂ ಏನೂ ಆಗಲ್ಲ. 88ಆ 86ಆ ಅಂತ ಜಗಳ ಆಡಬೇಡಿ. ಆದರೆ 70 ಮಾಡಿದ್ದರೆ ನಷ್ಟ 2,888.

ಇನ್ನು ಬ್ರೆಡ್. ಬೆಲೆ 40, ಖರ್ಚು 32, ಮಾರ್ಜಿನ್ ಬರೀ 8. ನೋಡಿದರೆ ಕಡಿಮೆ ಮಾಡಿಸೋದೇ ಸರಿ ಅನ್ನಿಸುತ್ತೆ. ಆದರೆ ಉಳಿದ ಬ್ರೆಡ್ಡನ್ನು ಒಣಗಿಸಿ ರಸ್ಕ್ ಮಾಡುತ್ತೀರಿ ಅಂದರೆ, ಆ ಖರ್ಚೆಲ್ಲ ಕಳೆದು ಅದರಿಂದ 26 ರೂಪಾಯಿ ವಾಪಸ್ ಬರುತ್ತೆ ಅಂದುಕೊಳ್ಳಿ, ಉಳಿದರೆ ನಷ್ಟ 6 ಮಾತ್ರ. 8 ÷ 14 = 0.57. ಪೇಸ್ಟ್ರಿಗಿಂತ ಧೈರ್ಯವಾಗಿ ಮಾಡಿಸಬಹುದು. ಹಳೆಯ ಬೇಕರಿಗಳಲ್ಲಿ ರಸ್ಕ್ ಡಬ್ಬ ಯಾಕೆ ಯಾವಾಗಲೂ ತುಂಬಿರುತ್ತೆ ಅನ್ನೋದಕ್ಕೆ ಇದೂ ಒಂದು ಕಾರಣ. ಬೆಣ್ಣೆ ಬಿಸ್ಕತ್ತು ದಿನಗಟ್ಟಲೆ ಇರುತ್ತೆ, ಅದಕ್ಕೆ ಈ ಲೆಕ್ಕ ಬೇಡ.

ಹೆಜ್ಜೆ 5: ಅಂದಾಜು ಎಷ್ಟು ನಂಬಬಹುದು?

ಮುಂದಿನ ಮಂಗಳವಾರದ ಅಂದಾಜಿಗೆ ಎರಡು ಸುಲಭ ದಾರಿ. ಕಳೆದ ಮಂಗಳವಾರದ ಅಂಕಿಯನ್ನೇ ಇಟ್ಟುಕೊಳ್ಳುವುದು, ಇಲ್ಲವೇ ಹಿಂದಿನ ನಾಲ್ಕು ಮಂಗಳವಾರದ ಸರಾಸರಿ. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ, ನಿಮ್ಮ ಹಳೆಯ ಪುಸ್ತಕವನ್ನೇ ಕೇಳಿ. ಹಳೆಯ ಪ್ರತಿ ವಾರಕ್ಕೂ ಎರಡೂ ರೀತಿ ಅಂದಾಜು ಬರೆದು, ನಿಜವಾಗಿ ಆದದ್ದರ ಜೊತೆ ಎಷ್ಟು ತಪ್ಪಿತು ಅಂತ ನೋಡಿ, ಆ ತಪ್ಪುಗಳ ಸರಾಸರಿ ತೆಗೆಯಿರಿ. ಪ್ಲಸ್ ಮೈನಸ್ ಬಿಟ್ಟು ಬರೀ ಅಂತರ ಲೆಕ್ಕಕ್ಕೆ ತಗೊಳ್ಳಿ, ಇಲ್ಲದಿದ್ದರೆ ಒಂದು ಇನ್ನೊಂದನ್ನು ಹೊಡೆದುಹಾಕಿ ತಪ್ಪೇ ಇಲ್ಲ ಅನ್ನೋ ಹಾಗೆ ಕಾಣುತ್ತೆ. ಯಾರಾದರೂ ಎಐ ಸಾಫ್ಟ್‌ವೇರ್ ಮಾರಲು ಬಂದರೂ ಇದೇ ಪರೀಕ್ಷೆ ಮಾಡಿ. ನಾಲ್ಕು ವಾರದ ಸರಾಸರಿಗಿಂತ ಎಷ್ಟು ಕಡಿಮೆ ತಪ್ಪುತ್ತೆ ಅಂತ ತೋರಿಸಲಿ.

ಹತ್ತು ದಿನದ ಅಂಕಿ ಇಟ್ಟುಕೊಂಡು "ನಿಖರವಾಗಿ 88" ಅನ್ನೋದೂ ಅತಿಯಾಯಿತು. ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1945ರ ಒಂದು ಲೇಖನದಲ್ಲಿ ಇದರ ಹಿಂದಿನ ಗಣಿತವನ್ನು ತೋರಿಸಿದ್ದಾರೆ. ಕೈಯಲ್ಲಿರುವ ಮಾಹಿತಿಯಿಂದ ಅಂದಾಜನ್ನು ಎಷ್ಟು ಬೇಕಾದರೂ ಚೂಪು ಮಾಡೋಕೆ ಆಗಲ್ಲ, ಅದಕ್ಕೊಂದು ಮಿತಿ ಇದೆ. ಇನ್ನೂ ಚೂಪು ಬೇಕು ಅಂದರೆ ಇನ್ನಷ್ಟು ಮಂಗಳವಾರ ಕಾಯಬೇಕು, ಅಷ್ಟೇ. ಅಲ್ಲಿಯವರೆಗೆ 85ರಿಂದ 90 ಅಂತ ಹೇಳಿ ಮುಂದಕ್ಕೆ ಹೋಗಿ.

ಹೆಜ್ಜೆ 6: ಓವನ್ ಒಂದೇ, ಐಟಂ ಹಲವು

ಬೆಳಗಿನ ಹೊತ್ತು ಓವನ್ ಸಾಲಲ್ಲ ಅನ್ನೋದು ಸಾಮಾನ್ಯ ದೂರು. ಆಗ ಯಾವುದನ್ನು ಮೊದಲು ಹಾಕಬೇಕು? ಮಾರ್ಜಿನ್ ಜಾಸ್ತಿ ಇರುವುದನ್ನು ಅಂತ ಎಲ್ಲರೂ ಹೇಳುತ್ತಾರೆ. ಒಂದು ಓವನ್ ಬ್ರೆಡ್‌ನಲ್ಲಿ ಮಾರ್ಜಿನ್ 240, ಬೇಯಲು 40 ನಿಮಿಷ. ಒಂದು ಓವನ್ ಖಾರ ಬನ್‌ನಲ್ಲಿ 180, ಬೇಯಲು 20 ನಿಮಿಷ. ಓವನ್ನಿನ ಒಂದು ನಿಮಿಷಕ್ಕೆ ಬ್ರೆಡ್ 6 ರೂಪಾಯಿ ಕೊಟ್ಟರೆ ಬನ್ 9 ಕೊಡುತ್ತೆ. ಹಾಗಾಗಿ ಬನ್ನಿಗೆ ಬೇಡಿಕೆ ತೀರುವವರೆಗೆ ಬನ್, ಉಳಿದ ಸಮಯದಲ್ಲಿ ಬ್ರೆಡ್. ಯಾವುದು ಕೊರತೆ ಇದೆಯೋ ಅದರಿಂದ ಭಾಗಿಸಿ. ಓವನ್ ಕೊರತೆ ಆದರೆ ಓವನ್ ನಿಮಿಷದಿಂದ, ಮಾಸ್ಟರ್ ಒಬ್ಬರೇ ಇದ್ದರೆ ಅವರ ಕೈ ನಿಮಿಷದಿಂದ.

ಎರಡೂ ಕೊರತೆ ಇದ್ದರೆ ಬಾಯಿಲೆಕ್ಕ ಸಾಲದು. ಎಕ್ಸೆಲ್‌ನಲ್ಲಿ ಸಾಲ್ವರ್ ಅಂತ ಇದೆ. ಮಿತಿಗಳನ್ನು ಬರೆದುಕೊಟ್ಟರೆ ಯಾವುದು ಎಷ್ಟು ಅಂತ ಅದೇ ಹೇಳುತ್ತೆ. ಅದರಲ್ಲಿ ಆರಿಸಿಕೊಳ್ಳಬೇಕಾದ ಸಿಂಪ್ಲೆಕ್ಸ್ ಎಂಬ ವಿಧಾನ 1947ರಲ್ಲಿ ಜಾರ್ಜ್ ಡಾಂಟ್ಸಿಗ್ ಎಂಬ ಗಣಿತಜ್ಞ ಕೊಟ್ಟಿದ್ದು.

ಹೆಜ್ಜೆ 7: ಮೈದಾ ಒಂದು ಸಲಕ್ಕೆ ಎಷ್ಟು ಮೂಟೆ?

ಪದೇ ಪದೇ ತರಿಸಿದರೆ ಗಾಡಿ ಬಾಡಿಗೆ, ಹಮಾಲಿ. ಒಟ್ಟಿಗೆ ತರಿಸಿದರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ, ಹುಳ ಬೀಳುತ್ತೆ. 1913ರಲ್ಲಿ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ ಕೊಟ್ಟ ಸೂತ್ರ ಇಲ್ಲಿ ಬರುತ್ತೆ: ವರ್ಷದ ಬಳಕೆಯನ್ನು ಒಂದು ಸಲ ತರಿಸುವ ಖರ್ಚಿನಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ಮೂಟೆ ವರ್ಷ ಇಡುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ.

ವರ್ಷಕ್ಕೆ 50 ಕೆ.ಜಿ.ಯ 300 ಮೂಟೆ, ಒಂದು ಟ್ರಿಪ್ಪಿಗೆ 200 ರೂಪಾಯಿ, ಮೂಟೆ ಇಡುವ ಖರ್ಚು ಬಡ್ಡಿ, ಹಾಳಾಗುವುದು ಎಲ್ಲ ಸೇರಿ ವರ್ಷಕ್ಕೆ 300. ಲೆಕ್ಕ ಹಾಕಿದರೆ 400ರ ವರ್ಗಮೂಲ, 20 ಮೂಟೆ. ವರ್ಷಕ್ಕೆ 15 ಸಲ, ಖರ್ಚು ಒಟ್ಟು 6,000. ಜಾಗ ಇರೋದು 15 ಮೂಟೆಗೆ ಮಾತ್ರವಾ? ಆಗ ವರ್ಷದ ಖರ್ಚು 6,250. ಬರೀ 250 ರೂಪಾಯಿಗೆ ಗೋಡೌನ್ ಹುಡುಕಬೇಡಿ. ಮೈದಾ ರೇಟು ಏರುತ್ತೆ ಅಂತ ಗೊತ್ತಿದ್ದರೆ ಈ ಸೂತ್ರ ಪಕ್ಕಕ್ಕಿಡಿ, ಅದು ಬೇರೆ ಆಟ.

ಯಾವಾಗ ಆರ್ಡರ್ ಮಾಡೋದು? ದಿನಕ್ಕೆ ಸುಮಾರು 41 ಕೆ.ಜಿ. ಬಳಕೆ, ಮಾಲು ಬರಲು ಮೂರು ದಿನ, ಅಂದರೆ ಎರಡೂವರೆ ಮೂಟೆ. ಮಳೆ, ಮುಷ್ಕರ, ಹಬ್ಬ ಅಂತ ಇನ್ನೆರಡು ಮೂಟೆ ಸೇರಿಸಿ. ಐದು ಮೂಟೆಗೆ ಬಂದಾಗ ಫೋನ್ ಮಾಡಿ.

ಹೆಜ್ಜೆ 8: ಮೂರು ಲಕ್ಷದ ಮೆಷಿನ್ ತಗೊಳ್ಳಬೇಕಾ?

ಮೆಷಿನ್‌ನಿಂದ ಕರೆಂಟ್, ರಿಪೇರಿ ಎಲ್ಲ ಕಳೆದು ವರ್ಷಕ್ಕೆ 90,000 ಉಳಿಯುತ್ತೆ, ಐದು ವರ್ಷದ ಮೇಲೆ ಮಾರಿದರೆ 50,000 ಬರುತ್ತೆ ಅಂತ ಇಟ್ಟುಕೊಳ್ಳಿ. ಹಾಕಿದ ದುಡ್ಡು ಮೂರು ವರ್ಷ ನಾಲ್ಕು ತಿಂಗಳಿಗೆ ವಾಪಸ್. ಅಷ್ಟಕ್ಕೇ ನಿಲ್ಲಿಸುವವರು ಜಾಸ್ತಿ, ಆದರೆ ಐದನೇ ವರ್ಷದ ರೂಪಾಯಿ ಇವತ್ತಿನ ರೂಪಾಯಿ ಅಲ್ಲ. ಸಾಲದ ಬಡ್ಡಿ ಶೇ. 14 ಹಿಡಿದು ಮುಂದಿನ ಎಲ್ಲ ಹಣವನ್ನು ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು 3,35,000 ಆಗುತ್ತೆ. ಹಾಕಿದ್ದು 3,00,000. ಅಂದರೆ 35,000 ಮೇಲೆ. ತಗೊಳ್ಳಬಹುದು.

ಈಗ ಉಳಿತಾಯವನ್ನು ಶೇ. 20 ಇಳಿಸಿ ನೋಡಿ, ವರ್ಷಕ್ಕೆ 72,000. ಇವತ್ತಿನ ಬೆಲೆ ಸುಮಾರು 2,73,000, ಅಂದರೆ 27,000 ನಷ್ಟ. ಎಲ್ಲಿ ತಿರುಗುತ್ತೆ ಅಂತ ಹುಡುಕಿದರೆ ವರ್ಷಕ್ಕೆ ಸುಮಾರು 80,000 ಉಳಿತಾಯದ ಹತ್ತಿರ. ಈಗ ಪ್ರಶ್ನೆ ಚಿಕ್ಕದಾಯಿತು: ವರ್ಷಕ್ಕೆ 80,000 ಉಳಿಯೋದು ಗ್ಯಾರಂಟಿನಾ? ಇದನ್ನು ಮೆಷಿನ್ ಮಾರುವವರನ್ನು ಕೇಳಬೇಡಿ, ಅದನ್ನು ಎರಡು ವರ್ಷದಿಂದ ಬಳಸುತ್ತಿರುವ ಇನ್ನೊಬ್ಬ ಬೇಕರಿಯವರನ್ನು ಕೇಳಿ.

ಎಕ್ಸೆಲ್ ಬಳಸುವವರಿಗೆ: ಮುಂದಿನ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ಎನ್‌ಪಿವಿ ಫಂಕ್ಷನ್ ಮೊದಲ ಅಂಕಿಯನ್ನು ಮೊದಲ ವರ್ಷದ ಕೊನೆಯದು ಅಂತ ತಿಳಿಯುತ್ತೆ. ಇವತ್ತು ಕೊಡುವ ಮೂರು ಲಕ್ಷವನ್ನು ಅದರೊಳಗೆ ಸೇರಿಸಬೇಡಿ, ಹೊರಗೆ ಕಳೆಯಿರಿ.

ಹೆಜ್ಜೆ 9: ಉದ್ರಿ ಆರ್ಡರ್

ಹೊಸ ಪಾರ್ಟಿ ಬಂದು ಒಂದು ಲಕ್ಷದ ಸ್ವೀಟ್ ಬಾಕ್ಸ್ ಕೇಳುತ್ತಾರೆ, ದುಡ್ಡು ಹಬ್ಬ ಆದ ಮೇಲೆ. ಖರ್ಚು 70,000. ಕೊಟ್ಟರೆ 30,000 ಲಾಭ, ಕೈಕೊಟ್ಟರೆ 70,000 ಹೋಯ್ತು. ಹತ್ತರಲ್ಲಿ ಏಳು ಪಾಲಿಗಿಂತ ಜಾಸ್ತಿ ನಂಬಿಕೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ. 40,000 ಅಡ್ವಾನ್ಸ್ ತಗೊಂಡರೆ ಹೋಗುವುದು 30,000, ಬರುವುದೂ 30,000. ಅರ್ಧ ನಂಬಿಕೆ ಸಾಕು. ಆದರೆ 30,000 ಹೋದರೆ ಮುಂದಿನ ತಿಂಗಳ ಸಂಬಳಕ್ಕೇ ತೊಂದರೆ ಅನ್ನುವ ಪರಿಸ್ಥಿತಿ ಇದ್ದರೆ ಲೆಕ್ಕ ಏನೇ ಹೇಳಲಿ, ಬಿಟ್ಟುಬಿಡಿ. ಈ ಸರಾಸರಿ ಲೆಕ್ಕ ಹತ್ತಾರು ಆರ್ಡರ್ ನಿಭಾಯಿಸುವವರಿಗೆ ಹೊಂದುತ್ತೆ, ಒಂದೇ ಪೆಟ್ಟಿಗೆ ಅಂಗಡಿ ಅಲ್ಲಾಡುವವರಿಗೆ ಹೊಂದಲ್ಲ.

ಹೆಜ್ಜೆ 10: ಯಾರ ಅಂದಾಜು ಗೆದ್ದಿತು?

ನೀವು ಎಷ್ಟೇ ಲೆಕ್ಕ ಹಾಕಿದರೂ ಬೇಕರಿ ಮಾಸ್ಟರ್ "ಇವತ್ತು ಮೋಡ ಇದೆ, ಪಫ್ಸ್ ಜಾಸ್ತಿ ಹೋಗುತ್ತೆ ಅಣ್ಣ, ನೂರು ಹಾಕ್ತೀನಿ" ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಬೇಡಿ, ಹಾಗಂತ ಸುಮ್ನೆ ಒಪ್ಪಲೂ ಬೇಡಿ. ಬೆಳಗ್ಗೆಯೇ ಸೂತ್ರದ ಅಂಕಿ, ಮಾಸ್ಟರ್ ಅಂಕಿ, ನಿಮ್ಮ ಅಂಕಿ ಮೂರನ್ನೂ ಪಕ್ಕಪಕ್ಕ ಬರೆಯಿರಿ. ಬೆಳಗ್ಗೆಯೇ ಬರೆಯಬೇಕು, ಸಂಜೆ ಆದ ಮೇಲೆ ಎಲ್ಲರೂ "ನಾನು ಹೇಳಿರಲಿಲ್ವಾ" ಅನ್ನುವವರೇ. ತಿಂಗಳ ಕೊನೆಗೆ ಮೂವರ ಅಂಕಿಗೂ ನಾಲ್ಕನೇ ಹೆಜ್ಜೆಯ ರೀತಿಯಲ್ಲೇ ರೂಪಾಯಿ ನಷ್ಟ ಲೆಕ್ಕ ಹಾಕಿ. ಮೋಡದ ದಿನಗಳಲ್ಲಿ ಮಾಸ್ಟರ್ ಗೆದ್ದಿದ್ದರೆ ಮೋಡವನ್ನೂ ಒಂದು ಕಾಲಂ ಆಗಿ ಪುಸ್ತಕಕ್ಕೆ ಸೇರಿಸಿ, ಆ ದಿನಗಳ ಅಂಕಿಯನ್ನು ಅವರಿಗೇ ಬಿಡಿ.